ಉಪ್ಪಿನ ಜಾಗದ ಬೋಲ್ಟು

ರೇಸಿನ ದಿನ ಆ ಕಾರು ಗೆರೆ ದಾಟಿದ್ದು ನಿಜ. ಆದರೆ ಇಂಜಿನ್ನು ದಾಟಿಸಲಿಲ್ಲ. ಕೊನೇ ಹತ್ತು ಹೆಜ್ಜೆ ನಾನೂ ನಿಂಗಮ್ಮನೂ ಸೇರಿ ತಳ್ಳಿದೆವು. ಅಷ್ಟು ಹೊಗೆ ಎದ್ದದ್ದು ಯಾರ ಕಣ್ಣು ಬಿದ್ದೂ ಅಲ್ಲ, ಯಾರ ಕೈಗುಣದಿಂದಲೂ ಅಲ್ಲ. ಸೂಜಿ ತೂತಿನ ಬೋಲ್ಟು ಇರಬೇಕಾದ ಕಡೆ ನಾನು ದೊಡ್ಡ ತೂತಿನ ಬೋಲ್ಟು ಹಾಕಿದ್ದೆ. ನಡೆದದ್ದು ಇಷ್ಟೇ.

ಇಷ್ಟನ್ನೇ ನಾಲ್ಕು ತಾಲ್ಲೂಕಲ್ಲಿ ನಾಲ್ಕು ಥರ ಹೇಳಿಕೊಂಡು ತಿರುಗುತ್ತಾರೆ. ಕೆ.ಆರ್. ನಗರದಲ್ಲಿ ಲೇತ್ ಕೆಲಸದ ರಾಚಪ್ಪ ತಾನು ಕಡೆದ ಪ್ಲೇಟಿನಿಂದ ಗಾಡಿ ಗೆದ್ದಿತು ಅಂತಾನೆ. ಪಿರಿಯಾಪಟ್ಟಣದಲ್ಲಿ ನಿಂಗಮ್ಮ ಎಲೆ ಬಿಸಾಕಿದ್ದಕ್ಕೆ ಸೋತಿತು ಅಂತಾರೆ. ಎಚ್.ಡಿ. ಕೋಟೆ ಕಡೆಯವರು ಸೊಳ್ಳೆ ಹೊಗೆ ಹೊಡೆಯೋ ಗಾಡಿ ಬಂದಿತ್ತು ಅಂದುಕೊಂಡಿದ್ದಾರೆ. ನಮ್ಮ ಹುಣಸೂರಿನವರು ದೃಷ್ಟಿ ಅಂತ ತೀರ್ಮಾನ ಮಾಡಿ ನನಗೆ ಒಂದು ಚೀಲ ನಿಂಬೆಹಣ್ಣು ತಂದುಕೊಟ್ಟರು. ಉಪ್ಪಿನಕಾಯಿ ಹಾಕಿದೆ.

ಈಗ ಷೆಡ್ಡಿನ ಕೆಲಸ ಬಿಟ್ಟು ಮನೇಲಿದೀನಿ. ಈ ಕೆಲಸಕ್ಕೆ ಬರೋ ಮಕ್ಕಳು ಬಂದು "ಅಜ್ಜಿ, ಏನಾದ್ರೂ ಹೇಳಿ" ಅಂತಾರೆ. ಹೇಳೋಕೆ ಶುರು ಮಾಡಿದರೆ ಫೋನು ನೋಡುತ್ತಾರೆ. ಅದಕ್ಕೇ ಬರೆದಿಟ್ಟಿದ್ದೀನಿ. ನಾಲ್ಕನೇ ಕ್ಲಾಸು ಓದಿದವಳ ಬರವಣಿಗೆ, ಅಲಂಕಾರ ಇಲ್ಲ.

ನನ್ನ ಗಂಡ ಲಾರಿ ಡ್ರೈವರು. ಹೋದ. ಅವನ ಬಗ್ಗೆ ಮುಂದೆ ಬರುತ್ತೆ ಅಂತ ಕಾಯಬೇಡಿ, ಬರೆಯೋ ಅಂಥದ್ದೇನಿಲ್ಲ. ಅವನು ಲಾರಿ ರಿಪೇರಿಗೆ ಬಿಡುತ್ತಿದ್ದ ಕೆ.ಆರ್. ನಗರದ ಷೆಡ್ಡಲ್ಲಿ ಅಮೀರ್ ಮೇಸ್ತ್ರಿ ಅಂತ ಇದ್ದರು. ಸೀಮೆಎಣ್ಣೇಲಿ ಸಾಮಾನು ತೊಳೆಯೋ ಕೆಲಸಕ್ಕೆ ನನ್ನ ಇಟ್ಟುಕೊಂಡರು. ನಾನು ಕಲಿತ ಲೆಕ್ಕವೆಲ್ಲ ಅಲ್ಲಿನ ಸ್ಪ್ಯಾನರ್ ಮೇಲಿನದೇ. ಹತ್ತು-ಹನ್ನೊಂದು, ಹನ್ನೆರಡು-ಹದಿಮೂರು, ಹದಿನಾಲ್ಕು-ಹದಿನೈದು, ಹೀಗೆ ಜೋಡಿ ಜೋಡಿ. ಆದರೆ ಇಪ್ಪತ್ತರ ಜೋಡಿ ಇಪ್ಪತ್ತೊಂದಲ್ಲ, ಇಪ್ಪತ್ತೆರಡು. ಯಾಕೆ ಅಂತ ಕೇಳಿದೆ. "ನನಗೇನು ಗೊತ್ತು ಬೇಟಿ, ಮಾಡಿದೋನ್ನ ಕೇಳು" ಅಂದರು. ನಲವತ್ತು ವರ್ಷ ಆಯಿತು, ಮಾಡಿದೋನು ಇನ್ನೂ ಸಿಕ್ಕಿಲ್ಲ.

ಮೊದಲನೇ ವರ್ಷವೇ ಒಂದು ಘನಕಾರ್ಯ ಮಾಡಿದೆ. ಇಂಜಿನ್ನಿಗೆ ಗಾಳಿ ಹೋಗೋ ಬಾಯಿಗೆ ಧೂಳು ಬೀಳದಿರಲಿ ಅಂತ ನನ್ನ ಹಳೇ ಸೀರೆ ಚೂರು ತುರುಕಿದ್ದೆ. ತೆಗೆಯೋದು ಮರೆತೆ. ಲಾರಿ ಹೊರಟಿತು, ಮಿರ್ಲೆ ಮುಟ್ಟೋ ಹೊತ್ತಿಗೆ ಕೆಮ್ಮು ಹಿಡೀತು. ಡ್ರೈವರು ಬಿಚ್ಚಿ ನೋಡಿ, ಹೂವಿನ ಸೆರಗನ್ನ ಕೈಲಿ ಹಿಡಿದು ಷೆಡ್ಡಿಗೆ ಬಂದ.

"ಮೇಸ್ತ್ರೀ, ನಿಮ್ ಇಂಜಿನ್ನು ಸೀರೆ ಉಟ್ಕಂಡಿತ್ತು ಕಣ್ರೀ."

ಮೇಸ್ತ್ರಿ ನನಗೆ ಬಯ್ಯಲಿಲ್ಲ. ಆ ಚೂರನ್ನ ಒಗೆಸಿ, ಒಂದು ತಿಂಗಳು ಷೆಡ್ಡಿನ ಬಾಗಿಲಿಗೆ ಬಾವುಟದ ಥರ ಕಟ್ಟಿಸಿದರು. ಬಂದೋರೆಲ್ಲ ಯಾವ ಹಬ್ಬ ಅಂತ ಕೇಳೋರು.

ಅವರ ಕಾಯಿದೆ ಎರಡೇ. ಒಂದು, ಕೆಲಸ ಆದ ಮೇಲೆ ನಿನ್ನ ಕೈ ತೊಳೀದಿದ್ದರೂ ಪರವಾಗಿಲ್ಲ, ಸಾಮಾನು ತೊಳೆದೇ ನೇತು ಹಾಕು. ಎರಡು, ಗಿರಾಕಿಗೆ ಸುಳ್ಳು ಹೇಳಬೇಕು ಅನ್ನಿಸಿದರೆ ಸಂಜೆ ಕೊಡ್ತೀನಿ ಅಂತ ಹೇಳು, ಇಂಜಿನ್ನಿನ ಬಗ್ಗೆ ಹೇಳಬೇಡ. ಎರಡನೇದನ್ನ ಪಾಲಿಸಿದೆ. ಸಂಜೆ ಕೊಡ್ತೀನಿ ಅಂತ ಲೆಕ್ಕವಿಲ್ಲದಷ್ಟು ಜನಕ್ಕೆ ಹೇಳಿದ್ದೀನಿ. ಮೊದಲನೇದರ ಕತೆ ಮುಂದೆ ಬರುತ್ತೆ.

ಬಿಚ್ಚಿದ ಬೋಲ್ಟುಗಳನ್ನ ಎಲ್ಲರೂ ಒಂದು ಡಬ್ಬಕ್ಕೆ ಸುರಿಯೋರು. ಕೂಡಿಸೋವಾಗ ಯಾವುದು ಎಲ್ಲಿಯದು ಅಂತ ಜಗಳ. ಅವುಗಳ ಇಂಗ್ಲಿಷ್ ಹೆಸರು ಬರೆದಿಟ್ಟುಕೊಳ್ಳೋಕೆ ನನಗೆ ಬರುತ್ತಿರಲಿಲ್ಲ. ಊಟದ ಎಲೆ ಬಡಿಸೋಕೆ ಬರುತ್ತಿತ್ತು. ಬಾಳೆ ಎಲೆ ಹಾಸಿ ಬೋಲ್ಟು ಬಡಿಸಿದೆ. ಎಡಗಡೆ ತುದೀಲಿ ಉಪ್ಪಿನ ಜಾಗ, ಅಲ್ಲಿಗೆ ಎಲ್ಲಕ್ಕಿಂತ ಚಿಕ್ಕದು, ಕಳೆದರೆ ಕೆಲಸ ಕೆಡೋ ಅಂಥದ್ದು. ಪಕ್ಕದಲ್ಲಿ ಉಪ್ಪಿನಕಾಯಿ, ಕೋಸಂಬರಿ, ಪಲ್ಯದ ಜಾಗಗಳಿಗೆ ಬಿಚ್ಚಿದ ಸಾಲಲ್ಲೇ ಉಳಿದವು. ನಡುವೆ ಅನ್ನದ ಜಾಗಕ್ಕೆ ದೊಡ್ಡವು. ಮೇಸ್ತ್ರಿ ನೋಡಿ, "ಏನು ಬೇಟಿ, ಊಟಕ್ಕೆ ಕೂತಿದೀಯಾ?" ಅಂತ ನಕ್ಕರು. ಹದಿನೈದು ದಿನ ಕಳೆದ ಮೇಲೆ ಲಾರಿ ಅಡಿಯಿಂದ ಅವರದೇ ಕೂಗು. "ಜಯಾ, ಪಲ್ಯದ ಮೂರನೇದು ಕೊಡು!"

ಆಮೇಲೆ ಹುಣಸೂರಲ್ಲಿ ನಾನೇ ಷೆಡ್ಡು ಹಾಕಿದೆ. ಟ್ರ್ಯಾಕ್ಟರು, ಜೀಪು, ತಂಬಾಕು ಹೇರೋ ಟೆಂಪೋ, ಎಲ್ಲ ಬಂದವು. ಗುರುಪುರದ ಟಿಬೆಟಿನವರ ಕ್ಯಾಂಪಿನಿಂದ ಒಬ್ಬ ಲಾಮಾ ವ್ಯಾನು ತಂದಿದ್ದರು, ಒಳಗೆ ಕಟಕಟ ಸದ್ದು. ಅರ್ಧ ದಿನ ಡ್ಯಾಶ್‌ಬೋರ್ಡು ಬಿಚ್ಚಿದೆ. ಗಾಳಿ ಬೀಸೋ ಫ್ಯಾನಿನೊಳಗೆ ಜಪಮಣಿ ಒಂದು ಸಿಕ್ಕಿತು. "ಮಣಿ ಸರ ಕಿತ್ತೋಗಿತ್ತಾ ಸ್ವಾಮಿ?" ಅಂದೆ. "ಹೌದು, ನೂರೇಳು ಸಿಕ್ಕಿತ್ತು" ಅಂದರು. ಮೊದಲೇ ಕೇಳಿದ್ದರೆ ಅರ್ಧ ದಿನ ಉಳಿಯುತ್ತಿತ್ತು. ಬಿಚ್ಚೋಕೆ ಮುಂಚೆ ಕೇಳಿ. ಇದನ್ನ ಈಗಿನ ಮೇಸ್ತ್ರಿಗಳ ಯಾವ ಲ್ಯಾಪ್‌ಟಾಪೂ ಹೇಳಿಕೊಡೋದಿಲ್ಲ.

ಇನ್ನು ಆ ಕಾರಿನ ವಿಷಯ. ಅದೇ ನನ್ನ ಕೊನೇ ಕೆಲಸ.

ಪಿರಿಯಾಪಟ್ಟಣದ ಕಡೆ ಚಿಕ್ಕೇಗೌಡರು ಅಂತ, ತಂಬಾಕೂ ಶುಂಠಿಯೂ ಬೆಳೆಯೋರು. ಹೆಂಡತಿ ನಿಂಗಮ್ಮ. ಮಗಳು ಸವಿತ, ವಾರವೆಲ್ಲ ಸ್ಕೂಲ್ ವ್ಯಾನು ಓಡಿಸುತ್ತಾಳೆ. ಮಕ್ಕಳಿರೋ ಗಾಡಿ, ಮೆಲ್ಲಗೆ ಓಡಿಸಬೇಕು. ಅದರ ಸಿಟ್ಟೆಲ್ಲ ಭಾನುವಾರ ತೀರಿಸಿಕೊಳ್ಳುತ್ತಾಳೆ. ಒಂದು ಹಳೇ ಚಿಕ್ಕ ಕಾರನ್ನ ಡ್ರ್ಯಾಗ್ ರೇಸಿಗೆ ಅಂತ ಇಟ್ಟಿದ್ದಳು. ಗೊತ್ತಿಲ್ಲದೋರಿಗೆ ಹೇಳುತ್ತೀನಿ, ಎರಡು ಕಾರು ಪಕ್ಕಪಕ್ಕ ನಿಲ್ಲಿಸಿ ನಾನೂರು ಮೀಟರು ನೇರ ಬಿಡೋದು. ಯಾರು ಮೊದಲು ಗೆರೆ ದಾಟಿದರೋ ಅವರು ಗೆದ್ದರು. ತಿರುವಿಲ್ಲ, ಗೇಟಿಲ್ಲ, ಟೀ ಇಲ್ಲ. ಕೊಡ ನೀರು ತರೋ ಹೊತ್ತೂ ಹಿಡಿಯೋದಿಲ್ಲ, ಮುಗಿದೇ ಹೋಗುತ್ತೆ.

ಆ ಕಾರಿನ ಇಂಜಿನ್ನು ಮುದಿಯಾಗಿತ್ತು. ಸವಿತ ಗುಜರಿಯಿಂದ ಬೇರೆ ಕಂಪನಿಯ ಟರ್ಬೊ ಇಂಜಿನ್ನು ತಂದಳು. ಟರ್ಬೊ ಅಂದರೆ, ಇಂಜಿನ್ನಿನ ಹೊಗೆಯಿಂದಲೇ ತಿರುಗಿ ಅದಕ್ಕೇ ಗಾಳಿ ತುರುಕೋ ಒಂದು ಬಸವನಹುಳ. ಗಾಳಿ ಹೆಚ್ಚಾದಷ್ಟೂ ಜೋರು.

ಗೌಡರು ಷೆಡ್ಡಿಗೇ ಬಂದು ಮಾತು ಆಡಿಬಿಟ್ಟರು. "ನೋಡಿ ಜಯಮ್ಮಾರೆ, ಇದೊಂದು ಸಲ. ಬರೋ ರೇಸಲ್ಲಿ ಇವಳ ಗಾಡಿ ಆ ಗೆರೆ ದಾಟ್ಲಿ, ಇಂಜಿನ್ನು ಇವಳದು, ನಾನು ಬಾಯ್ ಬಿಡಕಿಲ್ಲ. ದಾಟ್ಲಿಲ್ವಾ, ಬಿಚ್ಚಿ ಶುಂಠಿ ತೊಳಿಯೋ ಪಂಪಿಗೆ ಹಾಕ್ಕೊಡಿ. ಆಮೇಲೆ ಇವಳು ರೇಸು ಗೀಸು ಅನ್ನಂಗಿಲ್ಲ."

"ಶುಂಠಿಗೆ ಟರ್ಬೊ ಯಾಕಪ್ಪ?" ಅಂದಳು ಸವಿತ.

"ಚೆನ್ನಾಗ್ ತೊಳೀಲಿ ಅಂತ."

ಅವಳು ನನ್ನ ಮುಖ ನೋಡಿದಳು. "ಆಯ್ತದೆ ಬುಡು" ಅಂದೆ. ಬಾಯಿಗೆ ಬೀಗ ಇಲ್ಲದವರು ಹೀಗೇ ಸಿಕ್ಕಿಹಾಕಿಕೊಳ್ಳೋದು.

ಒಂದು ಕಂಪನಿ ಕಾರಿಗೆ ಇನ್ನೊಂದು ಕಂಪನಿ ಇಂಜಿನ್ನು ಕೂರಿಸೋದು ಮದುವೆ ಇದ್ದ ಹಾಗೆ. ಗಂಡು ಹೆಣ್ಣು ಇಬ್ಬರೂ ಒಪ್ಪಿರುತ್ತಾರೆ, ನಡುವೆ ಇರೋರದೇ ತಕರಾರು. ಇಂಜಿನ್ನು ಕಾರಿನ ಮುಂದಿನ ಗುಂಡಿಯೊಳಗೆ ಇಳಿಯಿತು, ಗೇರ್‌ಬಾಕ್ಸು ಕೂರಲಿಲ್ಲ. ಇದರ ತೂತು ಒಂದು ಕಡೆ, ಅದರ ತೂತು ಇನ್ನೊಂದು ಕಡೆ. ರಾಚಪ್ಪನ ಹತ್ತಿರ ನಡುವೆ ಹಾಕೋಕೆ ಒಂದು ಉಕ್ಕಿನ ಪ್ಲೇಟು ಕಡೆಸಬೇಕಾಯಿತು. ಎಲ್ಲ ಕೂಡಿಸಿ ಕೀಲಿ ತಿರುಗಿಸಿದರೆ ಇಂಜಿನ್ನು ಸುಮ್ಮನಿದೆ. ಅದರೊಳಗಿನ ಕಂಪ್ಯೂಟರು ತನ್ನ ಹಳೇ ಯಜಮಾನನ ಕೀಲಿಯನ್ನೇ ಕೇಳುತ್ತಿತ್ತು. ಮೈಸೂರಿಂದ ಲ್ಯಾಪ್‌ಟಾಪು ಮೇಸ್ತ್ರಿ ಒಬ್ಬ ಬಂದ. ಮೂರು ಗಂಟೆ ಕುರ್ಚಿ ಮೇಲೆ ಕೂತ, ಕೈಗೆ ಒಂದು ಚುಕ್ಕಿ ಮಸಿ ಆಗಲಿಲ್ಲ, ಇಂಜಿನ್ನು ಎದ್ದಿತು. ನಾನು ಕಾಫಿ ಕೊಟ್ಟು, ಇನ್ನೊಂದು ಲೋಟವನ್ನೂ ಕೊಟ್ಟೆ. ಕೆಲಸ ಗೊತ್ತಿರೋರಿಗೆ ಮರ್ಯಾದೆ ಕೊಡಲೇಬೇಕು, ಅವರ ಬಟ್ಟೆ ಎಷ್ಟೇ ಬಿಳಿ ಇದ್ದರೂ.

ಇಲ್ಲಿವರೆಗೂ ಎಲ್ಲ ಸರಿ. ಕೆಟ್ಟದ್ದು ಆಮೇಲೆ. ಟರ್ಬೊ ಒಂಚೂರು ಅಲ್ಲಾಡುತ್ತಿದೆ ಅನ್ನಿಸಿ ಅದನ್ನ ಮತ್ತೆ ಬಿಚ್ಚಿದೆ. ಬೋಲ್ಟು, ವಾಷರು, ಕ್ಲಿಪ್ಪು ಎಲ್ಲ ಎಲೆ ಮೇಲೆ ಬಡಿಸಿದೆ. ಟರ್ಬೊಗೆ ಎಣ್ಣೆ ಕುಡಿಸೋ ಬೋಲ್ಟು ಒಂದಿದೆ, ಅದರ ನಡುವೆ ಸೂಜಿ ಹೋಗೋವಷ್ಟೇ ತೂತು. ಅದು ಉಪ್ಪಿನ ಜಾಗದ್ದು. ಅಷ್ಟರಲ್ಲಿ ಪ್ಲೇಟಿನ ಲೆಕ್ಕ ಚುಕ್ತಾ ಮಾಡಿ ಅಂತ ರಾಚಪ್ಪನ ಫೋನು ಬಂತು, ನಾನೂ ಸವಿತಾನೂ ಕೆ.ಆರ್. ನಗರಕ್ಕೆ ಹೊರಟೆವು. ಧೂಳು ಬೀಳದಿರಲಿ ಅಂತ ಎಲೇನ ಅರ್ಧಕ್ಕೆ ಮಡಚಿ ಹೋದೆ.

ಇಷ್ಟು ವಯಸ್ಸಾದ ಹೆಂಗಸು ನಾನು, ನನಗೆ ಬುದ್ಧಿ ಬೇಡವಾ? ಮಡಚಿದ ಎಲೆ ಅಂದರೆ ನಮ್ಮ ಕಡೆ ಏನು? ಊಟ ಆಯಿತು, ಎತ್ತಬಹುದು ಅಂತ ತಾನೆ?

ನಿಂಗಮ್ಮ ಮಗಳಿಗೆ ಅಂತ ಮುದ್ದೆ, ಬಸ್ಸಾರು ಕಟ್ಟಿಕೊಂಡು ಬಂದಿದ್ದರು. ಷೆಡ್ಡಲ್ಲಿ ಯಾರೂ ಇಲ್ಲ. ಕೈ ಸುಮ್ಮನಿರೋ ಹೆಂಗಸಲ್ಲ ಅವರು. ಕಸ ಗುಡಿಸಿದರು, ಎಲೆ ಎತ್ತಿದರು, ಹಿಂದುಗಡೆ ತಿಪ್ಪೆಗುಂಡಿಗೆ ಎಸೆದರು.

ನಾವು ಬಂದಾಗ ಸೆರಗಲ್ಲಿ ಕೈ ಒರೆಸಿಕೊಂಡು ನಿಂತಿದ್ದರು. "ಊಟ ಮಾಡಿದ್ ಎಲೆ ಅಂಗೇ ಬುಟ್ಟೋಗಿದ್ರಲ್ಲ ಜಯಕ್ಕ, ತಗುದೆ."

ನಾನು ಗುಡಿಸಿದ ನೆಲ ನೋಡಿದೆ. "ಭಾರ ಇತ್ತಲ್ಲ ನಿಂಗಮ್ಮ! ಗೊತ್ತಾಗ್ಲಿಲ್ವಾ?"

"ಅರ್ಧ ಊಟ ಬುಟ್ಟು ಎದ್ದವ್ರೆ, ಏನ್ ಅರ್ಜೆಂಟೋ ಪಾಪ, ಅನ್ಕಂಡೆ ಕಣಕ್ಕ."

ಹಳೇ ಲೌಡ್‌ಸ್ಪೀಕರಿನ ಮ್ಯಾಗ್ನೆಟ್ಟು ಒಂದಿತ್ತು, ಬಳೆ ಥರ ದುಂಡಗೆ, ನಡುವೆ ತೂತು. ಅದಕ್ಕೆ ಹಗ್ಗ ಕಟ್ಟಿ ತಿಪ್ಪೆಗುಂಡೀಲಿ ಮೀನು ಹಿಡಿಯೋ ಹಾಗೆ ಎಳೆದೆವು. ನಿಂಗಮ್ಮ ಸೀರೆ ಎತ್ತಿ ಕಟ್ಟಿ ಒಳಗೇ ಇಳಿದರು. ಎರಡು ಗಂಟೇಲಿ ಎಲ್ಲ ಸಿಕ್ಕಿತು, ಉಪ್ಪಿನ ಜಾಗದ್ದೊಂದು ಬಿಟ್ಟು. ಮೈಯೆಲ್ಲ ಸಗಣಿ, ಸಿಟ್ಟು ಬೇರೆ. ಮ್ಯಾಗ್ನೆಟ್ಟನ್ನ ಹಾಗೇ ತಗೊಂಡು ಹೋಗಿ ಗೋಡೆ ಮೊಳೆಗೆ ನೇತು ಹಾಕಿದೆ.

ಮಾರನೇ ದಿನ ಟ್ರ್ಯಾಕ್ಟರಿನ ಹಳೇ ಡಬ್ಬ ತಡಕಿದೆ. ಅದೇ ಅಳತೆಯ ಬೋಲ್ಟು ಸಿಕ್ಕಿತು. ತಿರುಪಿನ ಮರೆಯೂ ಕೂತಿತು. ತೂತು ಮಾತ್ರ ಕಡ್ಡಿ ಹೋಗೋವಷ್ಟು ದೊಡ್ಡದು.

ಸವಿತ ಅದನ್ನ ಬೆಳಕಿಗೆ ಹಿಡಿದು ನೋಡಿದಳು. "ಅಜ್ಜಿ, ತೂತು ದೊಡ್ಡದಾಯ್ತಲ್ವಾ?"

"ಎಣ್ಣೆ ಒಂಚೂರು ಜಾಸ್ತಿ ಹೋಯ್ತದೆ. ಹೋದ್ರೆ ಒಳ್ಳೇದೇ. ನೆತ್ತಿಗೆ ಹರಳೆಣ್ಣೆ ಜಾಸ್ತಿಯಾಗಿ ಯಾವ ಮಗೀಗಾದ್ರೂ ಕೆಟ್ಟದಾಯ್ತದಾ? ನೀನು ಹುಟ್ಟೋಕ್ಮುಂಚೆ ನಾನು ಇಂಜಿನ್ ಬಿಚ್ತಿದ್ದೆ."

ಅವಳು ಬೋಲ್ಟನ್ನ ನನ್ನ ಕೈಗಿಟ್ಟಳು. ಅವಳು ಹೇಳಿದ್ದೇ ಸರಿ. ಲಾರಿ, ಟ್ರ್ಯಾಕ್ಟರಿಗೆ ಎಣ್ಣೆ ಜಾಸ್ತಿಯಾದರೆ ಕುಡಿದುಕೊಂಡು ಸುಮ್ಮನಿರುತ್ತಿದ್ದವು. ಈ ಬಸವನಹುಳ ಹಾಗಲ್ಲ, ಹೆಚ್ಚಾದ ಎಣ್ಣೇನ ಇಂಜಿನ್ನಿನ ಗಾಳಿ ಬಾಯಿಗೆ ಉಗಿಯುತ್ತೆ. ಸ್ಟಾರ್ಟ್ ಮಾಡಿದಾಗ ಸ್ವಲ್ಪ ನೀಲಿ ಹೊಗೆ ಕಂಡಿತು. "ಹೊಸದಾಗಿ ಕೂಡಿಸಿದ್ದು, ಬರ್ತದೆ" ಅಂದುಬಿಟ್ಟೆ. ಮರದ ಕಡ್ಡಿಯ ಒಂದು ತುದಿ ಇಂಜಿನ್ನಿಗೆ, ಇನ್ನೊಂದು ಕಿವಿಗೆ ಇಟ್ಟು ಸದ್ದು ಕೇಳಿದೆ, ಸದ್ದು ಚೆನ್ನಾಗಿತ್ತು. ಕಿವಿ ನಂಬಿ ಕಣ್ಣು ಮುಚ್ಚಿದೆ. ಕೆಲಸಕ್ಕೆ ಹೊಸಬರು ಇದೊಂದನ್ನಾದರೂ ಮನಸ್ಸಿಗೆ ಹಾಕಿಕೊಳ್ಳಿ. ಹೊಸಬರ ತಪ್ಪು ಒಂದು ದಿನಕ್ಕೆ ಸಿಕ್ಕಿಬೀಳುತ್ತೆ, ಯಾಕೆಂದರೆ ಎಲ್ಲರೂ ಅನುಮಾನ ಪಡುತ್ತಾರೆ. ಹಳಬರ ತಪ್ಪು ರೇಸಿನ ದಿನದವರೆಗೂ ಬರುತ್ತೆ.

ರೇಸು ಎಚ್.ಡಿ. ಕೋಟೆ ಕಡೆ ಒಂದು ಹೊಸ ಲೇಔಟಿನಲ್ಲಿ. ಸೈಟುಗಳಿಗೆ ಕಲ್ಲು ನೆಟ್ಟಿದ್ದರು, ಮನೆ ಒಂದೂ ಇಲ್ಲ, ನೇರ ಟಾರು ರಸ್ತೆ ಮಾತ್ರ. ಗೌಡರು ಶಲ್ಯ ಹೆಗಲಿಗೆ ಹಾಕಿ ಹೊರಡೋ ಕಡೆ ನಿಂತರು. ಇಂಜಿನ್ನು ಪೂರಾ ಜೋರಲ್ಲಿ ಹೇಗೆ ಕೂಗುತ್ತೆ ಕೇಳೋಣ ಅಂತ ನಾನು ಮುಟ್ಟೋ ಗೆರೆ ಹತ್ತಿರ ಹೋದೆ. ನಿಂಗಮ್ಮನೂ ಹಿಂದೆ ಬಂದರು. ಎಲೆ ಬಿಸಾಕಿದ ದಿನದಿಂದ ನನ್ನ ಹಿಂದೇ ತಿರುಗುತ್ತಿದ್ದರು, ತಪ್ಪು ಮಾಡಿದ ಮಗು ಥರ.

ಬಾವುಟ ಬಿತ್ತು. ಎರಡೂ ಕಾರು ಹಾರಿದವು. ಸವಿತಾಳ ಕಾರು ಮುಂದಿತ್ತು, ಸುಳ್ಳಲ್ಲ. ಅರ್ಧ ದಾರೀಲಿ ಟರ್ಬೊ ಪೂರಾ ತಿರುಗಿತು ನೋಡಿ, ಹಿಂದುಗಡೆಯಿಂದ ಹೊಗೆ ಹೊರಟಿತು. ಹೊಗೆ ಅಂದರೆ ಎಂಥದ್ದು! ತಂಬಾಕು ಬೇಯಿಸೋ ಹತ್ತು ಬ್ಯಾರನ್ನಿಗೆ ಒಟ್ಟಿಗೆ ಹಸಿ ಸೌದೆ ಹಾಕಿದ ಹಾಗೆ. ಪಕ್ಕದ ಕಾರಿನೋನು ದಾರಿ ಕಾಣದೆ ಬ್ರೇಕ್ ಹೊಡೆದು ನಿಂತ. ಜನ ಮೂಗು ಮುಚ್ಚಿಕೊಂಡು ಓಡಿದರು. ಯಾರೋ "ಬಾಯ್ ಮುಚ್ಕಳ್ರೋ, ಸೊಳ್ಳೆ ಔಷಧಿ!" ಅಂತ ಕೂಗಿದ್ದು ಕೇಳಿಸಿತು.

ಹೊಗೆಯೊಳಗೆ ಇಂಜಿನ್ನು ಎರಡು ಸಲ ಕೆಮ್ಮಿ ಸತ್ತಿತು. ಕಿಡಿ ಹಾರಿಸೋ ಪ್ಲಗ್ಗುಗಳು ಎಣ್ಣೆ ಕುಡಿದು ಮಲಗಿದ್ದವು. ಕಾರು ಉರುಳುತ್ತಾ ಬಂದು ನಮ್ಮ ಮುಂದೇ ನಿಂತಿತು. ಗೆರೆಗೆ ಇನ್ನು ಹತ್ತು ಹೆಜ್ಜೆ.

ನಿಂಗಮ್ಮ ನನ್ನ ಕೈ ಹಿಡಿದರು. "ಜಯಕ್ಕ, ಯಾರ್‍ಗೂ ಕಾಣಕಿಲ್ಲ."

ಯೋಚನೆ ಮಾಡಿದೆ ಅಂದರೆ ಸುಳ್ಳಾಗುತ್ತೆ. ಇಬ್ಬರೂ ಡಿಕ್ಕಿಗೆ ಕೈ ಕೊಟ್ಟು ತಳ್ಳಿದೆವು. ಒಳಗಿಂದ ಸವಿತ ಕಿರುಚಿದಳು. "ಯಾರದು?"

"ನಿಮ್ಮವ್ವ ಕಣೆ! ಬಾಯ್ ಮುಚ್ಕಂಡು ಸ್ಟೇರಿಂಗ್ ಹಿಡಿ!"

ಹೊಗೆ ತೆಳುವಾಗೋ ಹೊತ್ತಿಗೆ ಕಾರು ಗೆರೆಯಿಂದ ಆಚೆ ಇತ್ತು. ನಾನು ಟೈರು ನೋಡುತ್ತಿದ್ದೆ. ನಿಂಗಮ್ಮ ಮೋಡ ನೋಡುತ್ತಿದ್ದರು. ರೇಸು ನಡೆಸೋರು ಬಂದು ಈ ಆಟ ಲೆಕ್ಕಕ್ಕಿಲ್ಲ ಅಂದರು. ಸವಿತ ಒಪ್ಪಿದಳು. ಆದರೆ ಗೌಡರು ಹೇಳಿದ್ದು ಗೆಲ್ಲೋದರ ಮಾತಲ್ಲವಲ್ಲ. ಅವರು ಕೆಮ್ಮುತ್ತಾ ಬಂದು, ಗೆರೆ ನೋಡಿದರು, ಕಾರು ನೋಡಿದರು.

"ದಾಟ್ತಾ?"

"ದಾಟಿ ನಿಂತದಲ್ಲ ಗೌಡ್ರೇ" ಅಂದರು ಅಲ್ಲಿದ್ದೋರು.

"ಸರಿ. ಮಾತು ಮಾತೇ. ಇಂಜಿನ್ನು ಅವಳದು." ಆಮೇಲೆ ಹೆಂಡತಿ ಕಡೆ ತಿರುಗಿದರು. "ಇಷ್ಟು ಮಾನ ಹೋಗಿದ್ದು ನಿನ್ನಿಂದ. ಆ ಎಲೆ ಮುಟ್ಟು ಅಂತ ಯಾರ್ ಹೇಳಿದ್ರು ನಿಂಗೆ?"

ಕಾರನ್ನ ಟ್ರ್ಯಾಕ್ಟರಿಗೆ ಕಟ್ಟಿ ತಮ್ಮ ಊರಿಗೆ ಎಳೆದುಕೊಂಡು ಹೋಗೋವರೆಗೂ ಬಯ್ಯುತ್ತಲೇ ಇದ್ದರು. ನಿಂಗಮ್ಮ ತುಟಿ ಬಿಚ್ಚಲಿಲ್ಲ. ಬಾಯಿ ಬಿಟ್ಟರೆ ತಳ್ಳಿದ್ದು ಹೊರಗೆ ಬರುತ್ತೆ, ಮಗಳ ಇಂಜಿನ್ನು ಪಂಪಿಗೆ ಹೋಗುತ್ತೆ. ಅದನ್ನ ನೋಡಿಕೊಂಡು ನಾನೂ ಸುಮ್ಮನಿದ್ದೆ. ಇದನ್ನ ಬರೆಯೋಕೆ ನನಗೆ ಇಷ್ಟವಿಲ್ಲ, ಬರೆದಿದ್ದೀನಿ.

ಮಾರನೇ ಬೆಳಿಗ್ಗೆ ಎದ್ದವಳೇ ಬೋಲ್ಟನ್ನ ಇನ್ನೊಂದು ಸಲ ಹುಡುಕೋಣ ಅಂತ ಮೊಳೆ ಮೇಲಿದ್ದ ಮ್ಯಾಗ್ನೆಟ್ಟು ತೆಗೆದೆ. ಸಗಣಿ ಒಣಗಿ ಕಲ್ಲಾಗಿತ್ತು. ನಲ್ಲಿ ಕೆಳಗೆ ಹಿಡಿದು ಉಜ್ಜಿದೆ. ನಡುವಿನ ತೂತಿನ ಸಗಣಿ ಕರಗಿತು, ಒಳಗೆ ಅಂಟಿಕೊಂಡು ಕೂತಿತ್ತು ಉಪ್ಪಿನ ಜಾಗದ ಬೋಲ್ಟು. ಅಷ್ಟು ದಿನವೂ ನನ್ನ ತಲೆ ಮೇಲೇ ನೇತಾಡಿತ್ತು. ಸಾಮಾನು ತೊಳೆದು ನೇತು ಹಾಕು ಅಂದಿದ್ದ ಮೇಸ್ತ್ರಿ ಇದ್ದಿದ್ದರೆ ಮ್ಯಾಗ್ನೆಟ್ಟನ್ನ ನನ್ನ ಕೊರಳಿಗೇ ಕಟ್ಟಿ ಊರು ಸುತ್ತಿಸೋರು.

ಸೂಜಿ ತೂರಿಸಿ ನೋಡಿದೆ, ಸರಿಯಾಗಿತ್ತು. ಗೌಡರ ಊರಿನ ಮೊದಲನೇ ಬಸ್ಸು ಹತ್ತಿದೆ.

ಗೌಡರು ಜಗಲಿ ಮೇಲೆ ಕೂತಿದ್ದರು. ನಿಂಗಮ್ಮ ಒಳಗಿಂದ ನನ್ನ ನೋಡಿ, ಬೇಡ ಅಂತ ತಲೆ ಅಲ್ಲಾಡಿಸಿದರು.

"ಗೌಡ್ರೇ, ಗಾಡಿ ಗೆರೆ ದಾಟ್ಲಿಲ್ಲ. ನಾವಿಬ್ರೂ ತಳ್ಳಿದ್ದು. ಎಲೆ ಮಡಚಿದ್ದು ನಾನು, ತಪ್ಪು ಬೋಲ್ಟು ಹಾಕಿದ್ದೂ ನಾನು. ನಿಮ್ಮ ಮಗಳು ಬೇಡ ಅಂದಿದ್ಲು. ನಿಂಗಮ್ಮಂಗೆ ಬಯ್ದದ್ದು ವಾಪಸ್ ತಗಳಿ, ನನಗೆ ಬಯ್ರಿ."

ಅವರು ಜಗಲಿಯಿಂದ ಕಾಲು ಕೆಳಗಿಟ್ಟರು. "ಹೊಗೆ ಒಳಗೆ ಓಡಿ ಬರ್ತಿದ್ದಾಗ ಎರಡೆಮ್ಮೆ ಏದುಸಿರು ಬುಟ್ಟಂಗೆ ಕೇಳುಸ್ತು. ಅನುಮಾನ ಇತ್ತು." ಹೆಂಡತಿ ಕಡೆ ತಿರುಗದೆಯೇ, "ಬಯ್ದದ್ದು ತಪ್ಪಾಯ್ತು ಬುಡು" ಅಂದರು. ಆಮೇಲೆ ನನಗೆ, "ಮಾತು ಮಾತೇ ಜಯಮ್ಮಾರೆ. ದಾಟ್ಲಿಲ್ಲ ಅಂದ್ರೆ ಬಿಚ್ಚಿ."

ಸವಿತ ಬಾಗಿಲಲ್ಲಿ ನಿಂತಿದ್ದಳು. ನನ್ನ ಕಡೆ ನೋಡಲಿಲ್ಲ.

"ಬಿಚ್ತೀನಿ. ಆದ್ರೆ ಸರಿ ಇಲ್ಲದ ಇಂಜಿನ್ನ ಪಂಪಿಗೆ ಹಾಕ್ಕೊಟ್ರೆ ನಾಳೆ ನನಗೇ ಬಯ್ತೀರಿ. ಮೊದ್ಲು ಸರಿ ಮಾಡ್ತೀನಿ. ನೀವು ಈ ದಾರೀಲಿ ಒಂದು ಗೆರೆ ಎಳೀರಿ, ನೀವೇ ನಿಂತು ನೋಡಿ. ಆಮೇಲೆ ಹೇಳಿ, ಬಿಚ್ತೀನಿ."

ಬೋಲ್ಟು ಹಾಕಿದೆ. ಸವಿತ ಬಂದು ಪ್ಲಗ್ಗು ತೊಳೆದಳು, ಗಾಳಿ ಪೈಪಿನಲ್ಲಿ ನಿಂತಿದ್ದ ಎಣ್ಣೆ ಚೆಲ್ಲಿದಳು. ಮೊದಲು ಸ್ವಲ್ಪ ಹೊಗೆ ಬಂತು, ಉಳಿದಿದ್ದ ಎಣ್ಣೆಯದು. ಆಮೇಲೆ ನಿಂತಿತು. ಈ ಸಲ ಕಡ್ಡಿ ಇಟ್ಟು ಕೇಳಲಿಲ್ಲ, ಹಿಂದೆ ಹೋಗಿ ನಿಂತು ನೋಡಿದೆ.

ಗೌಡರು ತೋಟದ ದಾರೀಲಿ ಹಿಮ್ಮಡಿಯಿಂದ ಗೆರೆ ಎಳೆದು, ಪಕ್ಕದಲ್ಲೇ ನಿಂತರು. ಕಾರು ಬಂದದ್ದು, ಹೋದದ್ದು ಒಂದೇ ಕ್ಷಣ. ಅವರ ಹೆಗಲ ಮೇಲಿನ ಶಲ್ಯ ಹಾರಿ ಬೇಲಿ ಮೇಲೆ ಬಿತ್ತು. ಅದನ್ನ ತೆಗೆದುಕೊಂಡು, ಕೊಡವಿ, ಮತ್ತೆ ಹೆಗಲಿಗೆ ಹಾಕಿಕೊಂಡರು.

"ಇಷ್ಟು ಜೋರಲ್ಲಿ ತೊಳುದ್ರೆ ಶುಂಠಿ ಸಿಪ್ಪೇನೇ ಇರಕಿಲ್ಲ" ಅಂದರು. "ಹಳೇ ಪಂಪೇ ಇರ್ಲಿ."

ಸವಿತ ಕಾರಿಂದ ಇಳಿದು ನನ್ನ ಹತ್ತಿರ ಬಂದಳು. "ತೂತು ದೊಡ್ಡದು ಅಂದಿದ್ನಲ್ಲ ಅಜ್ಜಿ" ಅಂದಳು. "ಅಂದಿದ್ದೆ" ಅಂದೆ. ಷೆಡ್ಡಿನ ಕೀಲಿ ಅವತ್ತೇ ಅವಳಿಗೆ ಕೊಟ್ಟುಬಿಡೋಣ ಅನ್ನಿಸಿತು. ಅಷ್ಟು ಬೇಗ ಕೊಟ್ಟರೆ ಕೊಬ್ಬುತ್ತಾಳೆ ಅಂತ ಎರಡು ವಾರ ಬಿಟ್ಟು ಕೊಟ್ಟೆ.

ಮಧ್ಯಾಹ್ನ ನಿಂಗಮ್ಮ ಎಲೆ ಹಾಕಿ ಮುದ್ದೆ ಬಡಿಸಿದರು. ಎಡತುದಿಗೆ ಉಪ್ಪು ಇಟ್ಟು ನನ್ನ ಮುಖ ನೋಡಿ ನಕ್ಕರು. ಊಟ ಆಯಿತು, ಎಲೆ ಮಡಚಿದೆ. ಅವರು ಎತ್ತೋಕೆ ಬಗ್ಗಲೇ ಇಲ್ಲ, ಗೋಡೆಗೆ ಒರಗಿ ಕೂತೇ ಇದ್ದರು. ನಾನೇ ಎದ್ದೆ, ಎಲೆ ಬಿಚ್ಚಿ ಒಳಗೆ ಏನೂ ಇಲ್ಲ ಅಂತ ನೋಡಿಕೊಂಡೆ, ಮತ್ತೆ ಮಡಚಿ ತಿಪ್ಪೆಗೆ ಹಾಕಿ ಬಂದೆ.